ಜೊತೆಗೆ ಹಾರಿದವರು ಮರಳಿ ಬಾರದಾಗ: ವಿಮಾನ ಸಿಬ್ಬಂದಿಗೆ ಒಂದು ಮಾರ್ಗದರ್ಶಿ

ನಮ್ಮ ಕಡೆ ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರೇ ಅನ್ನ, ಸಾರು ತಂದುಕೊಡುತ್ತಾರೆ. ಹತ್ತು ಹನ್ನೊಂದು ದಿನ ಸೂತಕ ಇರುತ್ತದೆ. ಅಷ್ಟು ದಿನ ಆ ಮನೆಯವರನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲ, ಮುಖದಲ್ಲಿ ನಗು ಇರಲಿ ಎಂದು ಕೇಳುವುದಿಲ್ಲ.

ಜೊತೆಗೆ ಹಾರುತ್ತಿದ್ದವರು ದುರಂತದಲ್ಲಿ ಹೋದಾಗ ನಮಗೆ ಇದ್ಯಾವುದೂ ಸಿಗುವುದಿಲ್ಲ. ನಮಗಿರುವುದು ರೋಸ್ಟರ್, ಯಾವ ದಿನ ಯಾವ ಫ್ಲೈಟ್ ಎಂಬ ಡ್ಯೂಟಿ ಪಟ್ಟಿ. ಮಾರನೇ ದಿನ ಬೆಳಗಿನ ಜಾವ ಮೂರು ಗಂಟೆಗೆ ಕ್ಯಾಬ್ ಬಂದು ನಿಲ್ಲುತ್ತದೆ. ಕೂದಲು ಕಟ್ಟಿ, ಲಿಪ್‌ಸ್ಟಿಕ್ ಹಚ್ಚಿ, ಬಾಗಿಲಲ್ಲಿ ನಿಂತು ನೂರೆಂಬತ್ತು ಜನಕ್ಕೆ ನಮಸ್ಕಾರ ಹೇಳಬೇಕು. ಹನ್ನೆರಡು ವರ್ಷ ಆ ಬಾಗಿಲಲ್ಲಿ ನಿಂತವಳು ನಾನು. ಇದನ್ನು ಈಗ ಹಾರುತ್ತಿರುವ ತಂಗಿಯರಿಗೆ, ತಮ್ಮಂದಿರಿಗೆ ಬರೆಯುತ್ತಿದ್ದೇನೆ.

2025ರ ಜೂನ್ 12ರಂದು ಅಹಮದಾಬಾದ್‌ನಿಂದ ಲಂಡನ್‌ಗೆ ಹೊರಟ ಏರ್ ಇಂಡಿಯಾ 171 ಬಿದ್ದಾಗ ವಿಮಾನದಲ್ಲಿ 242 ಜನರಿದ್ದರು. ಅವರಲ್ಲಿ 12 ಮಂದಿ ನಮ್ಮವರು: ಇಬ್ಬರು ಪೈಲಟ್‌ಗಳು, ಹತ್ತು ಜನ ಕ್ಯಾಬಿನ್ ಕ್ರೂ. ಬದುಕಿದ್ದು ಒಬ್ಬ ಪ್ರಯಾಣಿಕ ಮಾತ್ರ. ಅವತ್ತು ಸಂಜೆ ದೇಶದ ಬೇರೆ ಬೇಸ್‌ಗಳಿಂದ, ಅಂದರೆ ಸಿಬ್ಬಂದಿಯ ನೆಲೆ ಇರುವ ಊರುಗಳಿಂದ, ವಿಮಾನಗಳು ಎಂದಿನಂತೆ ಹೊರಟವು. ಅವುಗಳೊಳಗೂ ಕ್ರೂ ಇದ್ದರು. ಅವರ ಬಗ್ಗೆ ಟಿವಿಯಲ್ಲಿ ಯಾರೂ ಮಾತಾಡಲಿಲ್ಲ.

ನಾನು ಹೇಳಬೇಕಾದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ದುಃಖದಲ್ಲಿರುವಾಗ "ಇವತ್ತು ನನ್ನಿಂದ ಆಗಲ್ಲ" ಅನ್ನುವುದು ಕೂಡ ನಮ್ಮ ಕೆಲಸವೇ. ತೊಂಬತ್ತು ಸೆಕೆಂಡಿನಲ್ಲಿ ವಿಮಾನ ಖಾಲಿ ಮಾಡಿಸಲು ತರಬೇತಿ ಪಡೆದವರು ನಾವು. ಆ ತೊಂಬತ್ತು ಸೆಕೆಂಡಿಗೆ ಮನಸ್ಸು ಸಿದ್ಧ ಇದೆಯಾ ಎಂದು ಹೇಳಬಲ್ಲವರು ನಾವು ಮಾತ್ರ.

ಸುದ್ದಿ ಬಂದ ಮೊದಲ ಗಂಟೆಗಳು

ಮೊದಲು ಮನೆಗೆ ಫೋನ್ ಮಾಡಿ. ಅಮ್ಮನಿಗೆ ಟಿವಿಯಲ್ಲಿ ಕಾಣುವುದು ಉರಿಯುವ ವಿಮಾನ. ಅದು ಯಾವ ಕಂಪನಿಯದು, ಯಾವ ರೂಟ್ ಅನ್ನುವುದೆಲ್ಲ ಆಮೇಲಿನ ಮಾತು. ಲೈನ್ ಸಿಗದಿದ್ದರೆ "ನಾನು ಹುಷಾರಾಗಿದ್ದೀನಿ, ಆ ಫ್ಲೈಟಲ್ಲಿ ಇರಲಿಲ್ಲ" ಎಂದು ಮೆಸೇಜ್ ಹಾಕಿ. ನೀವು ಆಗಷ್ಟೇ ಲ್ಯಾಂಡ್ ಆಗಿದ್ದರೆ ಫೋನ್ ಆನ್ ಮಾಡಿದ ಕೂಡಲೇ ಇದನ್ನು ಮಾಡಿ, ಬೇರೆ ಮೆಸೇಜ್‌ಗಳನ್ನು ಆಮೇಲೆ ನೋಡಿ.

ಆಮೇಲೆ ವಾಟ್ಸ್ಆ್ಯಪ್ ಸೆಟ್ಟಿಂಗ್ಸ್‌ಗೆ ಹೋಗಿ, ಫೋಟೋ, ವಿಡಿಯೊ ತಾವಾಗಿಯೇ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. ಈ ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಒಮ್ಮೆ ನೋಡಿದ ಚಿತ್ರವನ್ನು ಕಣ್ಣಿನಿಂದ ತೆಗೆಯಲು ಆಗುವುದಿಲ್ಲ. ಬೇರೆಯವರಿಗೆ ಅದು ಒಂದು ವಿಡಿಯೊ ಅಷ್ಟೆ. ನಮಗೆ ಆ ಹಿಂಬದಿಯ ಬಾಗಿಲು ಗೊತ್ತು, ಸಿಬ್ಬಂದಿ ಕೂರುವ ಆ ಜಂಪ್ ಸೀಟ್ ಗೊತ್ತು, ಅಲ್ಲಿ ಕೂತವರ ಕೈ ಎಲ್ಲಿತ್ತು ಅನ್ನುವುದೂ ಗೊತ್ತು. ನೋಡದೆಯೂ ನಮಗೆ ಬೇಕಾದ್ದಕ್ಕಿಂತ ಜಾಸ್ತಿಯೇ ಕಾಣುತ್ತದೆ.

ಕ್ರೂ ಲಿಸ್ಟ್ ಕೈಗೆ ಬಂದರೆ ಯಾರಿಗೂ ಕಳಿಸಬೇಡಿ, ಹೆಸರು ಹಾಕಿ ಸ್ಟೇಟಸ್ ಇಡಬೇಡಿ. ಆ ಹುಡುಗಿಯ ಅಪ್ಪನಿಗೆ ಇನ್ನೂ ಫೋನ್ ಹೋಗಿಲ್ಲದಿರಬಹುದು. ಪತ್ರಕರ್ತರು ಕರೆ ಮಾಡಿದರೆ "ಕಂಪನಿಯವರನ್ನು ಕೇಳಿ" ಎಂದಷ್ಟೇ ಹೇಳಿ ಇಟ್ಟುಬಿಡಿ.

ಆ ರಾತ್ರಿ ಒಬ್ಬರೇ ಇರಬೇಡಿ. ದೇವನಹಳ್ಳಿ, ಯಲಹಂಕ, ಸಹಕಾರನಗರ ಅಂತ ಪಿಜಿಗಳಲ್ಲಿ, ಹಂಚಿಕೊಂಡ ಫ್ಲ್ಯಾಟ್‌ಗಳಲ್ಲಿ ಇರುವವರು ನಾವು. ಜೊತೆಯಲ್ಲಿರುವವರು ಫ್ಲೈಟಿಗೆ ಹೋಗಿದ್ದರೆ ಇನ್ನೊಬ್ಬರ ರೂಮಿಗೆ ಹೋಗಿ ಮಲಗಿ. ಮಾತಾಡಲೇಬೇಕು ಅಂತಿಲ್ಲ. ಸಾವಿನ ಮನೆಗೆ ಅನ್ನ, ಸಾರು ತಂದುಕೊಡುವ ಆ ಪದ್ಧತಿಯನ್ನು ನಾವು ನಮ್ಮೊಳಗೆ ಶುರು ಮಾಡಿಕೊಳ್ಳಬೇಕು. ಇವತ್ತು ಆಫ್ ಇರುವವರು ಅನ್ನ, ತಿಳಿಸಾರು ಮಾಡಿ, ಡ್ಯೂಟಿ ಮುಗಿಸಿ ಬಂದವರಿಗೆ ಬಡಿಸಲಿ. ದುಃಖ ಬಂದಾಗ ಮೊದಲು ತಪ್ಪುವುದು ಊಟ, ಆಮೇಲೆ ನಿದ್ದೆ.

ಲೇಓವರ್‌ನಲ್ಲಿ, ಅಂದರೆ ಎರಡು ಫ್ಲೈಟ್‌ಗಳ ನಡುವೆ ಬೇರೆ ಊರಲ್ಲಿ ಉಳಿದಿರುವಾಗ, ಸುದ್ದಿ ಬಂದರೆ ಇನ್ನೂ ಕಷ್ಟ. ಹೋಟೆಲ್ ರೂಮಿನ ಬಾಗಿಲು ಹಾಕಿಕೊಂಡರೆ ಗೋಡೆಯೇ ಮೈಮೇಲೆ ಬಂದ ಹಾಗಾಗುತ್ತದೆ. ಇಡೀ ಕ್ರೂ ಒಂದೇ ಕಡೆ ಕೂತು ಊಟ ಮಾಡಿ. ಕ್ಯಾಪ್ಟನ್, ಕ್ಯಾಬಿನ್ ಇನ್‌ಚಾರ್ಜ್ ಇಬ್ಬರೂ ಬಂದು ಕೂರಲಿ.

"ಅವರು ನನಗೆ ಪರಿಚಯವೇ ಇರಲಿಲ್ಲ"

ಇದನ್ನು ಎಷ್ಟೋ ಜನ ನಾಚಿಕೆಯಿಂದ ಹೇಳುತ್ತಾರೆ. ಒಮ್ಮೆಯೂ ನೋಡದವರಿಗಾಗಿ ಯಾಕಿಷ್ಟು ಅಳು ಬರುತ್ತಿದೆ ಎಂದು ತಮ್ಮನ್ನೇ ಕೇಳಿಕೊಳ್ಳುತ್ತಾರೆ.

ನಮ್ಮ ಕೆಲಸವೇ ಹಾಗಿದೆ, ಅಲ್ವಾ. ಬ್ರೀಫಿಂಗ್ ರೂಮಿನಲ್ಲಿ ಮೊದಲ ಸಲ ನೋಡಿದವರ ಕೈಗೆ ಅವತ್ತಿನ ನಮ್ಮ ಜೀವ ಕೊಟ್ಟಿರುತ್ತೇವೆ. ಹಿಂದಿನ ಗ್ಯಾಲಿಯಲ್ಲಿ, ಅಂದರೆ ವಿಮಾನದ ಅಡುಗೆ ಜಾಗದಲ್ಲಿ, ಕಾಫಿ ಕಪ್ ಹಿಡಿದು ಎರಡು ಗಂಟೆಯಲ್ಲಿ ಮದುವೆ, ಸಾಲ, ಅತ್ತೆ ಮನೆ ಎಲ್ಲ ಹೇಳಿಕೊಂಡಿರುತ್ತೇವೆ. ಮತ್ತೆ ಆರು ತಿಂಗಳು ಒಟ್ಟಿಗೆ ಫ್ಲೈಟ್ ಸಿಗುವುದಿಲ್ಲ. ಹಾಗಾಗಿ ಸತ್ತವರು ಅಪರಿಚಿತರಾದರೂ ಅವರ ದಿನಚರಿ ನಮ್ಮದೇ. ಅವತ್ತು ಬೆಳಿಗ್ಗೆ ಅವರೂ ಶೂ ಒರೆಸಿಕೊಂಡಿದ್ದರು. ಅವರ ಟ್ರಾಲಿ ಬ್ಯಾಗಿನಲ್ಲೂ ಮನೆಯ ಚಟ್ನಿಪುಡಿಯ ಪೊಟ್ಟಣ ಇದ್ದಿರಬಹುದು.

2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ 158 ಜನ ಹೋದರು. ಉಳಿದ ಎಂಟೂ ಜನ ಪ್ರಯಾಣಿಕರು. ಆರು ಜನ ಸಿಬ್ಬಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಬಜ್ಪೆಯಲ್ಲಿ ಇಳಿಯುವಾಗ ಆ ಆರು ಜನರನ್ನು ನೆನೆಯದ ದಿನವೇ ಇರಲಿಲ್ಲ ನನಗೆ. ಅವರಲ್ಲಿ ಯಾರನ್ನೂ ನಾನು ಕಂಡವಳಲ್ಲ. ಕಣ್ಣೀರಿಗೆ ಯಾರ ಪರವಾನಗಿಯೂ ಬೇಕಿಲ್ಲ.

ಫ್ಲೈಟ್ ಸ್ವಾಪ್ ಮಾಡಿಕೊಂಡವರಿಗೆ

ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ. ಎಲ್ಲರಿಗಿಂತ ಹೆಚ್ಚು ನರಳುವವರು, ಎಲ್ಲರಿಗಿಂತ ಕಡಿಮೆ ಮಾತಾಡುವವರು ಇವರೇ.

ಅಣ್ಣನ ಮದುವೆ, ಹಬ್ಬ, ಹೊಟ್ಟೆನೋವು ಅಂತ ನಾವು ಫ್ಲೈಟ್ ಬದಲಾಯಿಸಿಕೊಳ್ಳುತ್ತಲೇ ಇರುತ್ತೇವೆ. ಸ್ಟ್ಯಾಂಡ್‌ಬೈ ಇದ್ದವರು ಕೊನೇ ಗಳಿಗೆಯಲ್ಲಿ ಹೋಗುತ್ತಾರೆ. ಹಾಗೆ ತಪ್ಪಿದ ಫ್ಲೈಟ್ ವಾಪಸ್ ಬರದಿದ್ದರೆ "ಅಲ್ಲಿ ನಾನಿರಬೇಕಿತ್ತು" ಅನ್ನುವ ಮಾತು ಎದೆಯಲ್ಲಿ ಕೂತುಬಿಡುತ್ತದೆ. ಮನೆಯವರು ದೇವರಿಗೆ ಹರಕೆ ತೀರಿಸಿ, "ನಿನ್ನ ಪುಣ್ಯ ದೊಡ್ಡದು" ಅನ್ನುತ್ತಾರೆ. ಅವರು ಪ್ರೀತಿಯಿಂದಲೇ ಹೇಳಿದ್ದು. ಆದರೆ ಕೇಳುವವಳಿಗೆ, ಹಾಗಾದರೆ ಹೋದವಳ ಪುಣ್ಯ ಚಿಕ್ಕದಾಗಿತ್ತಾ ಅನ್ನಿಸುತ್ತದೆ.

ಹೀಗೆ ಮಾಡಿ ನೋಡಿ. ಒಂದು ಹಾಳೆಯಲ್ಲಿ ಸ್ವಾಪ್ ಮಾಡಿದ ದಿನ ನಿಮಗೆ ಏನೇನು ಗೊತ್ತಿತ್ತು ಅನ್ನುವುದನ್ನು ಮಾತ್ರ ಬರೆಯಿರಿ. ಅವತ್ತು ಮದುವೆ ಇತ್ತು. ಅವಳಿಗೂ ಆ ದಿನ ಅನುಕೂಲವಾಗಿತ್ತು. ಸ್ಕೆಡ್ಯೂಲಿಂಗ್ ಒಪ್ಪಿತ್ತು. ಅಷ್ಟೇ. ಆಮೇಲೆ ಗೊತ್ತಾದದ್ದನ್ನು ಆ ಹಾಳೆಗೆ ಸೇರಿಸಬೇಡಿ. ಪ್ರತಿ ರಾತ್ರಿ ನಮ್ಮ ಮನಸ್ಸು ಇವೆರಡನ್ನೂ ಕಲಸಿಬಿಡುತ್ತದೆ. ಅದನ್ನು ಬಿಡಿಸಿ ಇಡುವ ಕೆಲಸ ಇದು. ಹಾಳೆಯನ್ನು ನಂಬಿಕೆಯ ಒಬ್ಬರಿಗೆ ಓದಿ ಹೇಳಿ. ಎರಡು ವಾರ ಕಳೆದರೂ ಆ ಮಾತು ದಿನಕ್ಕೆ ಹತ್ತು ಸಲ ಎದೆಗೆ ಬಡಿಯುತ್ತಿದ್ದರೆ ಕೌನ್ಸೆಲರ್ ಹತ್ತಿರ ಹೋಗಿ. ಈ ತರಹದ ತಪ್ಪಿತಸ್ಥ ಭಾವನೆ ಅವರಿಗೆ ಹೊಸದಲ್ಲ, ನೀವು ಪೂರ್ತಿ ವಿವರಿಸಬೇಕಾಗಿಯೂ ಬರುವುದಿಲ್ಲ.

ನಾಳೆ ಹಾರಬೇಕೋ ಬೇಡವೋ

ಪೈಲಟ್‌ಗಳು ಕಲಿಯುವ ಒಂದು ಪಟ್ಟಿ ಇದೆ, ಐ ಆ್ಯಮ್ ಸೇಫ್ ಅಂತ. ಕಾಯಿಲೆ, ಔಷಧಿ, ಒತ್ತಡ, ಮದ್ಯ, ಆಯಾಸ, ಭಾವನೆ ಈ ಆರನ್ನೂ ಹಾರುವ ಮೊದಲು ಕೇಳಿಕೊಳ್ಳಬೇಕು. ಮೊದಲ ಐದನ್ನು ಎಲ್ಲರೂ ಕೇಳಿಕೊಳ್ಳುತ್ತಾರೆ. ಆರನೆಯದನ್ನು ಓದಿ ಮುಂದೆ ಹೋಗುತ್ತಾರೆ. ಈ ದಿನಗಳಲ್ಲಿ ಅಲ್ಲಿಂದಲೇ ಶುರು ಮಾಡಿ.

ನಾನು ಇನ್ನೂ ಸರಳ ಮಾಡಿಕೊಂಡಿದ್ದೆ. ಕಳೆದ ರಾತ್ರಿ ಐದು ತಾಸಾದರೂ ನಿದ್ದೆ ಬಂತಾ? ತುರ್ತು ಸಂದರ್ಭದಲ್ಲಿ ಕೂಗುವ ಕಮಾಂಡ್‌ಗಳನ್ನು ತಡವರಿಸದೆ ಹೇಳಬಲ್ಲೆನಾ? ಯಾರಾದರೂ "ಹೇಗಿದ್ದೀಯಾ" ಅಂದರೆ ಅಳು ತಡೆಯಬಲ್ಲೆನಾ? ಮೂರನೆಯದಕ್ಕೆ ಮಾತ್ರ ಇಲ್ಲ ಅಂದರೆ ಇನ್‌ಚಾರ್ಜ್‌ಗೆ ಮೊದಲೇ ಹೇಳಿ ಹೋಗುತ್ತಿದ್ದೆ. ಮೊದಲ ಎರಡರಲ್ಲಿ ಒಂದಕ್ಕೆ ಇಲ್ಲ ಅಂದರೂ ಹೋಗುತ್ತಿರಲಿಲ್ಲ. ಇದು ನನ್ನ ಅಳತೆ. ನಿಮ್ಮದನ್ನು ನೀವು ಮಾಡಿಕೊಳ್ಳಿ, ಆದರೆ ಮಾಡಿಕೊಂಡ ಮೇಲೆ ಅದಕ್ಕೆ ಬದ್ಧರಾಗಿರಿ.

ಸಿಕ್ ಹಾಕುವಾಗ, ಅಂದರೆ ಹುಷಾರಿಲ್ಲ ಎಂದು ರಜೆ ಹೇಳುವಾಗ, ಕಥೆ ಕಟ್ಟಬೇಡಿ. "ದುರಂತದ ನಂತರ ನಿದ್ದೆ ಬಂದಿಲ್ಲ, ಸುರಕ್ಷತೆಯ ದೃಷ್ಟಿಯಿಂದ ಇವತ್ತು ಹಾರಲು ನಾನು ಫಿಟ್ ಇಲ್ಲ. ಡಾಕ್ಟರನ್ನು ಕಾಣುತ್ತೇನೆ." ಇಷ್ಟು ಹೇಳಿ, ಅದನ್ನೇ ಇಮೇಲ್ ಕೂಡ ಮಾಡಿ. ಜ್ವರ ಅಂತ ಸುಳ್ಳು ಹೇಳಿದರೆ ನಾಲ್ಕನೇ ದಿನ ಮತ್ತೊಂದು ಸುಳ್ಳು ಬೇಕಾಗುತ್ತದೆ. ನಿಮಗೆ ಬೇಕಾದ ಸಹಾಯವೂ ಸಿಗುವುದಿಲ್ಲ.

ಒಬ್ಬರೇ ಹೀಗೆ ಅಂದುಕೊಳ್ಳಬೇಡಿ. ಅಹಮದಾಬಾದ್ ದುರಂತವಾಗಿ ನಾಲ್ಕನೇ ದಿನ, ಜೂನ್ 16ರಂದು, ಏರ್ ಇಂಡಿಯಾದ 112 ಪೈಲಟ್‌ಗಳು ಸಿಕ್ ಹೇಳಿದರು ಎಂದು ಸರ್ಕಾರವೇ ಸಂಸತ್ತಿಗೆ ತಿಳಿಸಿತು. ಅವರಲ್ಲಿ 51 ಮಂದಿ ಕಮಾಂಡರ್‌ಗಳು, ಅಂದರೆ ಕ್ಯಾಪ್ಟನ್‌ಗಳು. ಆ ಸುದ್ದಿ ಓದಿ ಕೆಲವರು ಗಾಬರಿಯಾದರು. ನನಗೆ ಸಮಾಧಾನವಾಯಿತು. ಸರಿ ಇಲ್ಲದ ದಿನ ಕಾಕ್‌ಪಿಟ್‌ನಿಂದ ದೂರ ಉಳಿದವರು ಕೆಲಸ ತಪ್ಪಿಸಿದವರಲ್ಲ.

ಇನ್ನೊಂದು ಮಾತು, ಕುಡಿತದ ಬಗ್ಗೆ. ನಮ್ಮ ದೇಶದಲ್ಲಿ ಫ್ಲೈಟಿಗೆ 12 ಗಂಟೆ ಮೊದಲಿನಿಂದ ಮದ್ಯ ಮುಟ್ಟುವ ಹಾಗಿಲ್ಲ, ಅದು ಎಲ್ಲರಿಗೂ ಗೊತ್ತು. ನಿದ್ದೆಗಾಗಿ ಒಂದು ಪೆಗ್ ಅನ್ನುವ ಅಭ್ಯಾಸ ಶುರುವಾಗುವುದು ಇಂಥ ವಾರಗಳಲ್ಲೇ. ಅದರಿಂದ ಬರುವ ನಿದ್ದೆ ನಡುರಾತ್ರಿಗೇ ಒಡೆಯುತ್ತದೆ. ಫ್ಲ್ಯಾಟ್‌ಮೇಟ್ ಕೊಟ್ಟ ನಿದ್ದೆ ಮಾತ್ರೆಯೂ ಬೇಡ. ಮಾತ್ರೆ ಬೇಕೇಬೇಕು ಅನ್ನಿಸಿದರೆ, ನೀವು ವಿಮಾನ ಸಿಬ್ಬಂದಿ ಎಂದು ಹೇಳಿಯೇ ವೈದ್ಯರ ಹತ್ತಿರ ಬರೆಸಿಕೊಳ್ಳಿ.

ಮತ್ತೆ ಜಂಪ್ ಸೀಟಿನಲ್ಲಿ

ಬ್ರೀಫಿಂಗ್‌ನಲ್ಲಿ ಒಬ್ಬರಿಗಾದರೂ ಹೇಳಿ: "ದುರಂತ ಆದಮೇಲೆ ಇದು ನನ್ನ ಮೊದಲ ಫ್ಲೈಟ್." ಇದು ದೂರಲ್ಲ, ಮಾಹಿತಿ. ಯಾರ ಪಕ್ಕ ಯಾರನ್ನು ಕೂರಿಸಬೇಕು ಎಂದು ಇನ್‌ಚಾರ್ಜ್ ಯೋಚಿಸಬಹುದು. ಆಗುವುದಾದರೆ ಜೋಡಿ ಜಂಪ್ ಸೀಟ್ ಕೇಳಿ, ಪಕ್ಕದಲ್ಲಿ ಒಂದು ಭುಜ ಇರುತ್ತದೆ.

ಕೆಲಸ ಇರುವವರೆಗೆ ಅಷ್ಟು ಕಷ್ಟ ಆಗುವುದಿಲ್ಲ. ಬಾಗಿಲು ಮುಚ್ಚಿ, ತುರ್ತಿನಲ್ಲಿ ಜಾರಿ ಇಳಿಯುವ ಸ್ಲೈಡ್ ಆರ್ಮ್ ಮಾಡಿ (ಸಿದ್ಧ ಮಾಡಿ), ಒಬ್ಬರದನ್ನೊಬ್ಬರು ನೋಡುವ ಕ್ರಾಸ್‌ಚೆಕ್ ಮುಗಿಸಿ, ದೀಪ ಮಂದವಾಗಿ, ಹಾರ್ನೆಸ್ ಬಿಗಿದು ಕೂತ ಮೇಲೆ ಒಂದು ಮೌನ ಬರುತ್ತದಲ್ಲ, ಅಲ್ಲಿ ಎದೆ ಹಿಡಿದುಕೊಳ್ಳುತ್ತದೆ. ಆ ಮೌನದಲ್ಲಿ ಸೈಲೆಂಟ್ ರಿವ್ಯೂ ಮಾಡಬೇಕು ಎಂದು ಕಲಿಸಿರುತ್ತಾರೆ. ಏನಾದರೂ ಆದರೆ ಏನು ಮಾಡುತ್ತೇನೆ ಎಂದು ಮನಸ್ಸಿನಲ್ಲೇ ಓಡಿಸುವುದು. ದುರಂತದ ನಂತರ ಅದೇ ಅಭ್ಯಾಸ ಭಯದ ಸಿನಿಮಾ ಆಗಿಬಿಡುತ್ತದೆ.

ಹಾಗಂತ ರಿವ್ಯೂ ಬಿಡಬೇಡಿ, ಅದನ್ನೇ ಗಟ್ಟಿ ಮಾಡಿ. ಚಿತ್ರದಲ್ಲಿ ಯೋಚಿಸುವ ಬದಲು ಮಾತಿನಲ್ಲಿ, ತುಟಿ ಅಲ್ಲಾಡಿಸಿ ಹೇಳಿಕೊಳ್ಳಿ. ನನ್ನ ಬಾಗಿಲು ಇದು. ಹ್ಯಾಂಡಲ್ ಈ ಕಡೆ ತಿರುಗುತ್ತದೆ. ಹೊರಗೆ ಬೆಂಕಿ ಇದೆಯಾ ನೋಡಬೇಕು. ನನ್ನ ಮೊದಲ ಕಮಾಂಡ್ ಇದು. ಸಹಾಯಕ್ಕೆ ಕರೆಯುವುದು ಹನ್ನೆರಡನೇ ಸಾಲಿನ ಆ ಗಟ್ಟಿಮುಟ್ಟು ಅಣ್ಣನನ್ನು. ಹಿಮ್ಮಡಿಗಳನ್ನು ನೆಲಕ್ಕೆ ಒತ್ತಿ. ಉಸಿರು ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ, ನಾಲ್ಕು ಎಣಿಸಿ ಎಳೆದರೆ ಆರು ಎಣಿಸಿ ಬಿಡಿ. ಚಕ್ರ ನೆಲ ಬಿಟ್ಟ ಮೇಲೂ ಎಣಿಕೆ ನಿಲ್ಲಿಸಬೇಡಿ.

ನನ್ನ ಬ್ಯಾಚ್‌ಮೇಟ್ ಒಬ್ಬಳಿಗೆ ಮೊದಲ ಮೂರು ಫ್ಲೈಟ್‌ಗಳಲ್ಲಿ ಟೇಕ್‌ಆಫ್ ಆದ ಕೂಡಲೇ ಕೈ ನಡುಗುತ್ತಿತ್ತು. ಅವಳು ಇನ್‌ಚಾರ್ಜ್‌ಗೆ ಹೇಳಿ, ಬಿಸಿ ಪಾನೀಯ ಹಂಚುವ ಕೆಲಸ ಬಿಟ್ಟು ಟ್ರೇ ಹಂಚುವುದನ್ನು ತೆಗೆದುಕೊಂಡಳು. ನಾಲ್ಕನೇ ಫ್ಲೈಟಿನಲ್ಲಿ ಮತ್ತೆ ಕಾಫಿ ಪಾಟ್ ಹಿಡಿದಳು. ಇಂಥ ಚಿಕ್ಕ ಏರ್ಪಾಡುಗಳಿಗೆ ಯಾವ ಮ್ಯಾನೇಜರ್ ಅನುಮತಿಯೂ ಬೇಕಾಗಿಲ್ಲ.

ಪ್ರಯಾಣಿಕರು ಕೇಳಿಯೇ ಕೇಳುತ್ತಾರೆ. "ನಿಮಗೆ ಭಯ ಆಗಲ್ವಾ? ಅವರು ನಿಮಗೆ ಗೊತ್ತಿದ್ರಾ?" ಒಂದು ಉತ್ತರ ಮನೆಯಲ್ಲೇ ತಯಾರು ಮಾಡಿಕೊಳ್ಳಿ. "ನಮಗೆಲ್ಲ ತುಂಬಾ ನೋವಾಗಿದೆ. ಕೇಳಿದ್ದಕ್ಕೆ ಥ್ಯಾಂಕ್ಸ್. ನಿಮಗೆ ನೀರು ತರಲಾ?" ಇಷ್ಟು ಸಾಕು. ಅಳು ಬಂದರೆ ಗ್ಯಾಲಿ ಪರದೆ ಎಳೆದು ಎರಡು ನಿಮಿಷ ತೆಗೆದುಕೊಳ್ಳಿ, ಇನ್ನೊಬ್ಬರು ಕ್ಯಾಬಿನ್ ನೋಡಿಕೊಳ್ಳಲಿ.

ಯಾರ ಹತ್ತಿರ ಮಾತಾಡುವುದು

ಮೊದಲು ನಮ್ಮವರ ಹತ್ತಿರವೇ. ಜಂಪ್ ಸೀಟಿನಲ್ಲಿ ಕೂತವರಿಗೆ ಜಂಪ್ ಸೀಟಿನ ಮಾತು ಬೇಗ ಅರ್ಥವಾಗುತ್ತದೆ. 2015ರ ಮಾರ್ಚ್‌ನಲ್ಲಿ ಜರ್ಮನ್‌ವಿಂಗ್ಸ್ ವಿಮಾನ ಆಲ್ಪ್ಸ್ ಬೆಟ್ಟಕ್ಕೆ ಅಪ್ಪಳಿಸಿ 150 ಜನ ಸತ್ತ ಮೇಲೆ ಯುರೋಪ್ ಹೊಸ ನಿಯಮ ತಂದಿತು. ಪೈಲಟ್‌ಗಳು ತಮ್ಮಂಥ ಪೈಲಟ್‌ಗಳ ಹತ್ತಿರ ಗುಟ್ಟಾಗಿ ಮಾತಾಡಲು ಪ್ರತಿ ವಿಮಾನ ಸಂಸ್ಥೆಯಲ್ಲೂ ಪೀರ್ ಸಪೋರ್ಟ್ ಇರಲೇಬೇಕು ಎಂಬುದು 2021ರಿಂದ ಅಲ್ಲಿ ಕಡ್ಡಾಯ. ನಮ್ಮಲ್ಲೂ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ 2023ರ ಫೆಬ್ರವರಿಯ ಸುತ್ತೋಲೆಯಲ್ಲಿ ಸಿಬ್ಬಂದಿಯ ಮಾನಸಿಕ ಆರೋಗ್ಯದ ಬಗ್ಗೆ ಹೇಳಿದೆ, ಪೀರ್ ಸಪೋರ್ಟ್ ಗುಂಪು ಮಾಡಿ ಎಂದು ವಿಮಾನ ಸಂಸ್ಥೆಗಳಿಗೆ ತಿಳಿಸಿದೆ. ನಿಮ್ಮ ಬೇಸ್‌ನಲ್ಲಿ ಅದು ಇದೆಯಾ ಎಂದು ಇವತ್ತೇ ಕೇಳಿ. ಮೊದಲು ಕೇಳಬೇಕಾದ ಪ್ರಶ್ನೆ: ನಾನು ಹೇಳಿದ್ದು ಯಾರ ಕಿವಿಗೆ ಹೋಗುತ್ತದೆ? ಆ ಉತ್ತರ ಸ್ಪಷ್ಟವಾಗಿ ಸಿಗಬೇಕು.

ಹೊರಗಿನವರ ಹತ್ತಿರ ಹೇಳುವುದೇ ಹಗುರ ಅನ್ನಿಸಿದರೆ ಟೆಲಿ ಮನಸ್ ಇದೆ, ನಂಬರ್ 14416. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಸೇವೆ ಇದು. ಇದಕ್ಕೆ ಬೆನ್ನೆಲುಬಾಗಿರುವುದು ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಕೆಲಸದಲ್ಲಿ ಇಂಗ್ಲಿಷ್, ಹಿಂದಿ ಮಾತಾಡಿ ಮಾತಾಡಿ ದಣಿದವರಿಗೆ, ದುಃಖವನ್ನಾದರೂ ತಾಯಿಭಾಷೆಯಲ್ಲಿ ಹೇಳಿಕೊಳ್ಳಲು ಸಿಗುವುದು ದೊಡ್ಡ ವಿಷಯ.

ಎಲ್ಲರನ್ನೂ ಒಂದು ಹಾಲ್‌ನಲ್ಲಿ ಕೂರಿಸಿ ಒಬ್ಬೊಬ್ಬರಾಗಿ "ಏನನ್ನಿಸಿತು ಹೇಳಿ" ಎಂದು ಕಡ್ಡಾಯವಾಗಿ ಹೇಳಿಸುವ ಸಭೆ ಇಟ್ಟರೆ, ಮಾತಾಡದೆ ಕೂರುವ ಹಕ್ಕು ನಿಮಗಿದೆ. ಘಟನೆ ಆದ ಕೂಡಲೇ ಹೀಗೆ ಕೆದಕಿ ಹೇಳಿಸುವುದು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿದೆ. ಪಕ್ಕದಲ್ಲಿ ಕೂರುವುದು, ಕೇಳಿದ್ದಕ್ಕೆ ಕಿವಿ ಕೊಡುವುದು, ಬೇಕಾದ ಸಹಾಯಕ್ಕೆ ಜೋಡಿಸುವುದು, ಮೊದಲ ದಿನಗಳಲ್ಲಿ ಅಷ್ಟೇ ಬೇಕಿರುವುದು.

ಮೊದಲ ವಾರಗಳಲ್ಲಿ ಕೆಟ್ಟ ಕನಸು, ಬೆಚ್ಚಿ ಬೀಳುವುದು, ಸಿಡುಕು, ಊಟ ಸೇರದಿರುವುದು ಎಲ್ಲ ಸಹಜ. ಬಹಳ ಜನರಿಗೆ ಅದು ತಾನಾಗಿಯೇ ಇಳಿಯುತ್ತದೆ. ಒಂದು ತಿಂಗಳು ದಾಟಿದರೂ ಆ ದೃಶ್ಯ ಕಣ್ಮುಂದೆ ಬರುತ್ತಲೇ ಇದ್ದರೆ, ಏರ್‌ಪೋರ್ಟ್ ರಸ್ತೆ ಕಂಡರೆ ಬೆವರು ಬಂದರೆ, ಮೊದಲು ಖುಷಿ ಕೊಡುತ್ತಿದ್ದ ಯಾವುದೂ ಬೇಡ ಅನ್ನಿಸಿದರೆ ಮನೋವೈದ್ಯರನ್ನು ಕಾಣಿ. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಸಾಯಬೇಕು ಅನ್ನುವ ಯೋಚನೆ ಬಂದರೆ ತಿಂಗಳಲ್ಲ, ಒಂದು ಗಂಟೆಯೂ ಕಾಯಬೇಡಿ. ಆ ಕ್ಷಣವೇ ಪಕ್ಕದವರನ್ನು ಎಬ್ಬಿಸಿ, 14416ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಹೋಗಿ.

ಮನೆಯವರಿಗೆ ಎರಡೇ ಮಾತು. "ಕೆಲಸ ಬಿಟ್ಟು ಬಂದುಬಿಡು" ಎಂದು ಮೊದಲ ದಿನವೇ ಹೇಳಬೇಡಿ. ಲ್ಯಾಂಡ್ ಆದಾಗ ಒಂದು ಮೆಸೇಜ್ ಹಾಕು ಅನ್ನಿ, ಹಾಕಲು ತಡವಾದರೆ ಹತ್ತು ಸಲ ಕರೆ ಮಾಡಬೇಡಿ.

ಇನ್‌ಚಾರ್ಜ್‌ಗಳೇ, ಬೇಸ್ ಮ್ಯಾನೇಜರ್‌ಗಳೇ, ಬ್ರೀಫಿಂಗ್ ಶುರುವಾಗುವ ಮೊದಲು ಒಂದು ನಿಮಿಷ ಮೌನ ಇಡಿ, ಹೋದವರ ಹೆಸರು ಹೇಳಿ. ಆಮೇಲೆ "ಇವತ್ತು ಯಾರಿಗೆ ಕಷ್ಟ ಅನ್ನಿಸುತ್ತಿದೆಯೋ ನನಗೆ ಬೇರೆಯಾಗಿ ಹೇಳಿ, ಬೈಯಲ್ಲ" ಅನ್ನಿ. ನಿಮಗೂ ಅಳು ಬಂದರೆ ಬರಲಿ.

ಹೋದವರ ಮನೆಗೆ ಹೋಗುವಾಗ

ಹೋಗಿ. ಆಗದಿದ್ದರೆ ಕಾಗದ ಬರೆಯಿರಿ. ದುರಂತದ ಬಗ್ಗೆ ನಿಮಗೆ ಅನ್ನಿಸಿದ್ದನ್ನು ಅಲ್ಲಿ ಮಾತಾಡಬೇಡಿ. ನೋವಾಗದೇ ಹೋಗಿರಬಹುದು, ಕ್ಷಣದಲ್ಲಿ ಮುಗಿದಿರಬಹುದು ಅನ್ನುವ ಸಮಾಧಾನವೂ ಬೇಡ. ಆ ಮನೆಯವರು ಮಗಳ ಕೆಲಸದ ಬದುಕನ್ನು ಕಂಡೇ ಇರುವುದಿಲ್ಲ. ಅದನ್ನು ಕೊಡಬಲ್ಲವರು ನೀವು. ಅಳುವ ಮಗುವನ್ನು ಅವಳು ಗ್ಯಾಲಿಯಲ್ಲಿ ಎತ್ತಿಕೊಂಡು ತಿರುಗುತ್ತಿದ್ದದ್ದು, ವೀಲ್‌ಚೇರ್ ಅಜ್ಜಿಯ ಕೈ ಹಿಡಿದು ಸೀಟಿನವರೆಗೆ ಕರೆದೊಯ್ದದ್ದು. ಫೋಟೋ ಇದ್ದರೆ ಪ್ರಿಂಟ್ ಹಾಕಿಸಿ ಕೊಂಡುಹೋಗಿ. ತಿಥಿ, ಮುಸ್ಲಿಮರ ನಲವತ್ತನೇ ದಿನದ ಚೆಹ್ಲುಮ್, ಚರ್ಚಿನ ಪ್ರಾರ್ಥನೆ ಏನೇ ಇರಲಿ, ಯುನಿಫಾರ್ಮ್‌ನಲ್ಲಿ ಬರಬಹುದಾ ಎಂದು ಮೊದಲೇ ಕೇಳಿ. ಕೆಲವರಿಗೆ ಅದನ್ನು ನೋಡಬೇಕು ಅನ್ನಿಸುತ್ತದೆ, ಕೆಲವರಿಗೆ ತಡೆಯಲಾಗುವುದಿಲ್ಲ.

ವರದಿ ಬರುವ ದಿನ, ವರ್ಷ ತುಂಬುವ ದಿನ

ಗಾಯ ಮಾಯುತ್ತಿದೆ ಅನ್ನುವಾಗ ತನಿಖಾ ವರದಿ ಬರುತ್ತದೆ. ಅಹಮದಾಬಾದ್ ದುರಂತದ ಪ್ರಾಥಮಿಕ ವರದಿ ಸರಿಯಾಗಿ ಒಂದು ತಿಂಗಳಿಗೆ, 2025ರ ಜುಲೈ 12ರಂದು ಬಂತು. ಇದು ಇಂಥವರ ತಪ್ಪು ಎಂದು ಅದರಲ್ಲಿ ತೀರ್ಮಾನ ಇರಲಿಲ್ಲ. ಆದರೂ ಎಂಜಿನ್‌ಗೆ ಇಂಧನ ಬಿಡುವ ಸ್ವಿಚ್ ಬಗ್ಗೆ ಇದ್ದ ಎರಡು ಸಾಲು ಹಿಡಿದುಕೊಂಡು, ಉತ್ತರ ಕೊಡಲು ಇಲ್ಲದ ಪೈಲಟ್‌ಗಳ ಮೇಲೆ ದಿನಗಟ್ಟಲೆ ಚರ್ಚೆ ನಡೆಯಿತು. ಸತ್ತವರ ಮೇಲೆ ತಪ್ಪು ಹೊರಿಸುವುದನ್ನು ಕೇಳಿಸಿಕೊಂಡು ಕೆಲಸಕ್ಕೆ ಹೋಗುವುದು ಎರಡನೇ ಸಲ ಸಾವಿನ ಸುದ್ದಿ ಕೇಳಿದ ಹಾಗೆ. ಆ ವಾರ ಟಿವಿ ಹಚ್ಚಬೇಡಿ. ಓದಲೇಬೇಕು ಅನ್ನಿಸಿದರೆ ಮೂಲ ವರದಿಯನ್ನೇ, ಆಫ್ ಇರುವ ದಿನ, ಜೊತೆಗೆ ಒಬ್ಬರನ್ನು ಕೂರಿಸಿಕೊಂಡು ಓದಿ. ಸೋಷಿಯಲ್ ಮೀಡಿಯಾದಲ್ಲಿ ವಾದಕ್ಕೆ ಇಳಿಯಬೇಡಿ, ಅಲ್ಲಿ ಗೆದ್ದರೂ ರಾತ್ರಿ ನಿದ್ದೆ ಬರುವುದಿಲ್ಲ.

ವರ್ಷದ ದಿನವೂ ಹಾಗೆಯೇ. ಮಂಗಳೂರಿನಲ್ಲಿ ಕೂಳೂರು ಹತ್ತಿರದ ಸ್ಮಾರಕ ಉದ್ಯಾನದಲ್ಲಿ ಮೇ 22ರಂದು ಜನ ಸೇರಿ ಹೂವಿಡುತ್ತಾರೆ. ನಿಮ್ಮ ಊರಿನಲ್ಲಿ ಅಂಥ ಜಾಗ ಇಲ್ಲದಿದ್ದರೆ ಯಾರದಾದರೂ ಫ್ಲ್ಯಾಟ್‌ನಲ್ಲಿ ಸೇರಿ, ದೀಪ ಹಚ್ಚಿ, ಒಟ್ಟಿಗೆ ಊಟ ಮಾಡಿ. ಆ ದಿನ ಹಾರಬೇಕೋ, ಮನೆಯಲ್ಲಿರಬೇಕೋ ನೀವೇ ತೀರ್ಮಾನಿಸಿ. ಮನೆಯಲ್ಲಿರಬೇಕು ಅನ್ನಿಸಿದರೆ ಆ ತಿಂಗಳ ರೋಸ್ಟರ್ ಬರುವ ಮೊದಲೇ ರಜೆ ಹಾಕಿ. ಬಂದ ಮೇಲೆ ಬದಲಾಯಿಸಬೇಕಾದರೆ ಮತ್ತೆ ಯಾರ ಹತ್ತಿರವೋ ಸ್ವಾಪ್ ಕೇಳಬೇಕಾಗುತ್ತದೆ.